ಪಿಯಾನೋಗೆ ಬೋರರ್ ಬಿದ್ದ ಸಂಜೆ

ಟಿಕೆಟ್ಟಿನ ಮೇಲೆ ಎರಡೇ ಸೂಚನೆಗಳಿದ್ದವು: ಮೊಬೈಲ್ ತರಬೇಡಿ, ಮಾತು ತರಬೇಡಿ. ಅವುಗಳ ಕೆಳಗೆ ಸಣ್ಣ ಅಕ್ಷರದಲ್ಲಿ, ಛತ್ರಿ ತನ್ನಿ. ತಲೆಗೆ 1,500 ರೂಪಾಯಿ. ಪತ್ರೊಡೆ ಮತ್ತು ಫಿಲ್ಟರ್ ಕಾಫಿ ಅದರಲ್ಲೇ ಸೇರಿತ್ತು. ಚಿಕ್ಕಮಗಳೂರಿನಿಂದ ಆಲ್ದೂರಿಗೆ ಹೋಗುವ ದಾರಿಯಲ್ಲಿ, ಹೆಸರು ಹೇಳಿ ನಿಷ್ಠುರ ಕಟ್ಟಿಕೊಳ್ಳಲು ನನಗಿಷ್ಟವಿಲ್ಲದ ಒಂದು ಹೋಮ್‌ಸ್ಟೇಯಲ್ಲಿ, ಪುನರ್ವಸು ಮಳೆ ಹೆಂಚಿನ ಮೇಲೆ ಧೋ ಎಂದು ಸುರಿಯುತ್ತಿದ್ದ ಶನಿವಾರ ಸಂಜೆ, ನಾವು ಇಪ್ಪತ್ತು ಚಿಲ್ಲರೆ ಜನ ಮೌನ ಕೇಳಲು ಸೇರಿದ್ದೆವು. (ನನ್ನದು ಉಚಿತ ಟಿಕೆಟ್. ಅಂಕಣಕಾರನಿಗೆ ಅಷ್ಟೂ ಇಲ್ಲದಿದ್ದರೆ ಹೇಗೆ?)

ನಮ್ಮ ಜಿಲ್ಲೆಯಲ್ಲಿ ಮಾರಲು ಇನ್ನೇನು ಉಳಿದಿದೆ ಎಂದು ತಲೆ ಕೆಡಿಸಿಕೊಂಡವರಿಗೆ ಹೊಳೆದ ಉಪಾಯವಿದು. ಕಾಫಿ ಮಾರಿದೆವು, ಮೆಣಸು ಮಾರಿದೆವು. ಬೆಲೆ ಬಿದ್ದಾಗ ಮಂಜು ಮಾರಲು ಕಲಿತೆವು. ಆಮೇಲೆ ಸೂರ್ಯೋದಯ, ಸೂರ್ಯಾಸ್ತ, ಮುತ್ತಜ್ಜಿಯ ಒರಳುಕಲ್ಲು. ಮೌನವೊಂದು ಬಾಕಿಯಿತ್ತು. ಅದನ್ನು ಬೆಟ್ಟದ ಮೇಲೆ ಮಾರುವ ಕಾಲ ಮುಗಿದಿದೆ. ಭಾನುವಾರ ಬೆಳಿಗ್ಗೆ ಕೈಮರದ ಚೆಕ್‌ಪೋಸ್ಟಿನ ಬಳಿ ನಿಂತರೆ ತಿಳಿಯುತ್ತದೆ: 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯ ನೀರವತೆಗೆಂದು ಹೊರಟವರೆಲ್ಲ ಮುಂದಿನ ಕಾರಿಗೆ ಹಾರನ್ ಹೊಡೆಯುತ್ತಿರುತ್ತಾರೆ. ಹಾಗಾಗಿ ಮೌನವನ್ನು ಯುರೋಪಿನಿಂದ ತರಿಸಿ, ಮನೆಯೊಳಗೆ ಸ್ಪೀಕರಿನಲ್ಲಿ ಹಾಕಿ ಕೇಳಿಸುವ ಏರ್ಪಾಡಾಗಿತ್ತು.

ತರಿಸಿದ್ದು ಒಬ್ಬ ಪಿಯಾನೋ ವಾದಕರ ಆಲ್ಬಂ. 41 ನಿಮಿಷ. 88 ಕೀಗಳಿರುವ ವಾದ್ಯದಲ್ಲಿ ಅವರು ಹೆಚ್ಚೆಂದರೆ ಹನ್ನೊಂದನ್ನು ಮುಟ್ಟಿದ್ದಾರು. ಉಳಿದವು ಧೂಳು ಹಿಡಿಯುತ್ತಿದ್ದವು. ಒಂದು ಸ್ವರ. ಅದರ ಗುಂಗು ಪೂರ್ತಿ ಆರುವವರೆಗೆ ಕಾಯುವುದು. ಇನ್ನೊಂದು ಸ್ವರ. ಮತ್ತೆ ಕಾಯುವುದು. ಬಸ್ ನಿಲ್ದಾಣದಲ್ಲಿ ಕೊಟ್ಟಿಗೆಹಾರದ ಬಸ್ಸಿಗೆ ಕಾದು ಗೊತ್ತಿರುವವರಿಗೆ ಈ ಕಲೆ ಹೊಸದೇನಲ್ಲ. ಅಲ್ಲಿ ಬಸ್ ಬಂದ ಮೇಲೆ ಟಿಕೆಟ್ ಕೊಡುತ್ತಾರೆ, ಅಷ್ಟೇ ವ್ಯತ್ಯಾಸ.

ಮೊದಲ ಎಂಟು ನಿಮಿಷ ಸಭೆ ಗಂಭೀರವಾಗಿತ್ತು. ಒಳಹಜಾರದಲ್ಲಿ ಜಾಗ ಸಾಲದೆ ಅರ್ಧದಷ್ಟು ಜನರನ್ನು ಜಗಲಿಯಲ್ಲಿ ಕೂರಿಸಿದ್ದರು. ಮೌನವನ್ನು ಮುರಿದವರು ಜಗಲಿಯಲ್ಲಿ ಬೆತ್ತದ ಕುರ್ಚಿ ಹಿಡಿದಿದ್ದ ಪಕ್ಕದ ತೋಟದ ಸಾಹುಕಾರರು. ಈ ಬಗೆಯ ಪಿಯಾನೋದಲ್ಲಿ ಸುತ್ತಿಗೆಗೂ ತಂತಿಗೂ ನಡುವೆ ಮೆತ್ತನೆಯ ಬಟ್ಟೆಯ ಪಟ್ಟಿ ಇಟ್ಟು, ಮೈಕನ್ನು ವಾದ್ಯದ ಹೊಟ್ಟೆಗೇ ಹಿಡಿದು ಧ್ವನಿಮುದ್ರಿಸುವ ರೂಢಿಯೊಂದಿದೆ. ಸ್ವರಕ್ಕಿಂತ ಮುಂಚೆ ಮರದ ಕಿರಕಿರ, ಪೆಡಲಿನ ಧಪ್, ನುಡಿಸುವವರ ನಿಟ್ಟುಸಿರು ಕೇಳುತ್ತವೆ. ಸಾಹುಕಾರರು ಕಿವಿಗೊಟ್ಟು ಕೇಳಿ, ರೋಗ ಪತ್ತೆ ಮಾಡಿದ ವೈದ್ಯರಂತೆ ಹೇಳಿದರು: “ಇದಕ್ಕೆ ಬೋರರ್ ಬಿದ್ದಿದೆ.”

ಅರೇಬಿಕಾ ಗಿಡದ ಕಾಂಡವನ್ನು ಒಳಗಿನಿಂದ ಕೊರೆಯುವ ಬಿಳಿ ಹುಳುವಿಗೆ ನಮ್ಮಲ್ಲಿ ಬೋರರ್ ಎಂದೇ ಹೆಸರು. ಬಿದ್ದ ಗಿಡವನ್ನು ಕಿತ್ತು ಸುಡಬೇಕು, ಬೇರೆ ದಾರಿಯಿಲ್ಲ. ಅವರು ಹುಳುವಿನ ವಿಷಯ ಹೇಳಿದರೋ ಬೇಸರದ ವಿಷಯ ಹೇಳಿದರೋ ತಿಳಿಯದೆ, ಅಕ್ಕಪಕ್ಕದವರು ಎರಡಕ್ಕೂ ಸೇರಿಸಿ ತಲೆಯಾಡಿಸಿದರು.

ಅಲ್ಲಿಂದ ಮುಂದೆ ಕಟ್ಟೆ ಒಡೆಯಿತು. ಒಳಗೆ ನನ್ನ ಪಕ್ಕದಲ್ಲಿದ್ದ ನಿವೃತ್ತ ಮೇಷ್ಟ್ರು ಮೂಲತಃ ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣದವರು. ಮನೆಮನೆಯಿಂದಲೂ ಸಂಗೀತ ವಿದ್ವಾಂಸರನ್ನು ಕೊಟ್ಟ ಊರು ಅದು. ಕಾವೇರಿಯ ದಡದಲ್ಲಿ ತಂಬೂರಿಯ ಆಕಾರದ ಮಂದಿರವನ್ನೇ ಕಟ್ಟಿಕೊಂಡಿದ್ದಾರೆ. ಮೇಷ್ಟ್ರು ಕಣ್ಣು ಮುಚ್ಚಿಯೇ ತೀರ್ಪು ಕೊಟ್ಟರು: “ಶ್ರುತಿ ಚೆನ್ನಾಗಿ ಸೇರಿಸಿದ್ದಾರೆ. ಹಾಡುವವರು ಇನ್ನೂ ಬಂದಿಲ್ಲ.” ಬೆಂಗಳೂರಿನಿಂದ ಬಂದಿದ್ದ ದಂಪತಿಯಲ್ಲಿ ಹೆಂಡತಿ ಅಳುತ್ತಿದ್ದರು. ಪ್ರತಿ ಸ್ವರವೂ ಎಲೆಯಿಂದ ಜಾರುವ ಹನಿಯಂತಿದೆ, ಇದು ಶುದ್ಧ ದುಃಖ ಎಂದರು. ಗಂಡ ಮಾತ್ರ ಇದು ಶುದ್ಧ ಶಾಂತಿ ಎಂದು ವಾದಿಸಿದರು. ಸಾಕ್ಷಿಯಾಗಿ ಕೈಗಡಿಯಾರದಲ್ಲಿ ಇಳಿಯುತ್ತಿದ್ದ ನಾಡಿಬಡಿತದ ಅಂಕಿ ತೋರಿಸಿದರು. ವಾದ ಮುಂದುವರಿದಂತೆ ಅಂಕಿ ಏರಿತು. ಅತ್ತ ಜಗಲಿಯಲ್ಲಿ ದುಃಖವೂ ಇಲ್ಲ, ಶಾಂತಿಯೂ ಇಲ್ಲ, ಭಯವಿತ್ತು. ಆಗಾಗ ಬರುವ ಧೋಂ ಎಂಬ ಸದ್ದು ಕೇಳಿ, ದೂರದ ತೋಟದಲ್ಲಿ ಆನೆ ಓಡಿಸಲು ಗರ್ನಾಲು ಹೊಡೆಯುತ್ತಿದ್ದಾರೆ ಎಂದು ಇಬ್ಬರು ಬ್ಯಾಟರಿ ಹಿಡಿದು ಎದ್ದೇಬಿಟ್ಟಿದ್ದರು.

ಮೂರನೆಯ ಟ್ರ್ಯಾಕಿನಲ್ಲಿ ಪಿಯಾನೋದ ಹಿಂದೆ ಮಳೆಯ ಸದ್ದು ಸೇರಿಸಿದ್ದರು. ಅದು ಮಳೆ ಎಂದು ಯಜಮಾನರು ಬಾಯಿಬಿಟ್ಟು ಹೇಳಬೇಕಾಯಿತು, ಏಕೆಂದರೆ ಹೊರಗಿನ ಮಳೆಯಲ್ಲಿ ಒಳಗಿನ ಮಳೆ ಕೇಳುತ್ತಿರಲಿಲ್ಲ. ಪತ್ರೊಡೆಯ ತಟ್ಟೆ ಹಿಡಿದು ಬಂದ ಮನೆಯ ಅಜ್ಜಿ ಬಾಗಿಲಲ್ಲೇ ನಿಂತರು. “ಅಲ್ಲ ಮಗ, ನಮ್ಮ ಮಳೆಗೆ ಏನಾಗಿತ್ತು?”

ಇಡೀ ಸಂಜೆಯಲ್ಲಿ ಯಾರೂ ಉತ್ತರ ಕೊಡಲು ಮುಂದಾಗದೆ ಹೋದ ಪ್ರಶ್ನೆ ಅದೊಂದೇ.

ಆಲ್ಬಂ ಯಾವಾಗ ಮುಗಿಯಿತು ಎಂದು ಯಾರೂ ಗಮನಿಸಲಿಲ್ಲ, ಆಗ ಜಗಳ ಹದಕ್ಕೆ ಬಂದಿತ್ತು. ಈ ಸಂಗೀತ ಎರಡನೆಯ ಸಲ ನೀರು ಹೊಯ್ದ ಡಿಕಾಕ್ಷನ್ ಎಂದರು ಸಾಹುಕಾರರು. ಬೆಂಗಳೂರಿನ ಗಂಡ ತಕ್ಷಣ, ಇದು ಅಪ್ಪಟ ಅರೇಬಿಕಾ, ನಿಮ್ಮ ನಾಲಿಗೆಗೆ ಚಿಕೋರಿ ಒಗ್ಗಿದೆ ಎಂದುಬಿಟ್ಟರು. ಚಿಕ್ಕಮಗಳೂರಿನಲ್ಲಿ ನಾಲ್ಕು ತಲೆಮಾರಿನಿಂದ ತೋಟ ಮಾಡಿದವರಿಗೆ ಹೇಳುವ ಮಾತಲ್ಲ ಅದು. ಸಾಹುಕಾರರು ಎದ್ದು ನಿಂತು ಹಣ ವಾಪಸ್ ಕೇಳಿದರು. ಗಂಡನೂ ಎದ್ದು ಇತಿಹಾಸ ತೆರೆದರು: 1952ರಲ್ಲಿ ಅಮೆರಿಕದ ಜಾನ್ ಕೇಜ್ ರಚಿಸಿದ ಕೃತಿಯೊಂದರಲ್ಲಿ ಪಿಯಾನೋದ ಮುಂದೆ ಕುಳಿತವರು 4 ನಿಮಿಷ 33 ಸೆಕೆಂಡ್ ಒಂದು ಕೀಯನ್ನೂ ಮುಟ್ಟುವುದಿಲ್ಲ, ಅದನ್ನೂ ಜಗತ್ತು ಕೇಳಿದೆ. ಮೂಲೆಯಲ್ಲಿ ಕುಳಿತು ಅಷ್ಟು ಹೊತ್ತೂ ಚೀಟಿಯ ಮೇಲೆ ಗೀಟು ಹಾಕುತ್ತಿದ್ದ, ತೋಟದ ಆಳುಗಳ ಲೆಕ್ಕ ಬರೆಯುವ ರೈಟರ್ ಮೊದಲ ಬಾರಿಗೆ ಬಾಯಿಬಿಟ್ಟರು. “ಹಾಗಾದರೆ ಅವರಿಗೆ ಹಾಜರಿ ಉಂಟು, ಕಿಲೋ ಲೆಕ್ಕ ಇಲ್ಲ.”

ಹಣ ವಾಪಸ್ ಕೇಳುವುದು ತಪ್ಪಲ್ಲ, ಅದಕ್ಕೂ ಪರಂಪರೆಯಿದೆ. ಫ್ರಾನ್ಸಿನ ಎರಿಕ್ ಸಾಟಿ ಒಂದು ಪುಟ್ಟ ಪಿಯಾನೋ ತುಣುಕು ಬರೆದು 840 ಸಲ ನುಡಿಸುವ ಮಾತನ್ನೂ ಬರೆದಿಟ್ಟಿದ್ದರು. 1963ರಲ್ಲಿ ನ್ಯೂಯಾರ್ಕಿನಲ್ಲಿ ಇದೇ ಕೇಜ್ ಮತ್ತು ಗೆಳೆಯರು ಪಾಳಿಯ ಮೇಲೆ ಕುಳಿತು ಅದನ್ನು ನುಡಿಸಿಯೇ ಬಿಟ್ಟರು, ಹದಿನೆಂಟು ಗಂಟೆಗೂ ಹೆಚ್ಚು. ಟಿಕೆಟ್ 5 ಡಾಲರ್. ಕುಳಿತ ಪ್ರತಿ 20 ನಿಮಿಷಕ್ಕೆ 5 ಸೆಂಟ್ ವಾಪಸ್. ಕೇಳಿದ ಕಷ್ಟಕ್ಕೆ ಕೂಲಿ ಕೊಡುವ ಈ ನ್ಯಾಯವನ್ನು ನಮ್ಮ ಹೋಮ್‌ಸ್ಟೇಗಳು ಯಾಕೆ ಕಲಿಯಬಾರದು?

ಆದರೆ ಅದೇ ಸಾಟಿ 1920ರಲ್ಲಿ ಪ್ಯಾರಿಸ್ಸಿನಲ್ಲಿ ಸೋತ ಕಥೆ ನನಗೆ ಹೆಚ್ಚು ಇಷ್ಟ. ಮೇಜು ಕುರ್ಚಿಗಳಂತೆ ಒಂದು ಮೂಲೆಯಲ್ಲಿ ಬಿದ್ದಿರುವ, ಯಾರೂ ಕಿವಿಗೊಡಬೇಕಿಲ್ಲದ ಸಂಗೀತ ಬೇಕೆಂದು ಅವರ ಹಟ. ನಾಟಕವೊಂದರ ವಿರಾಮದಲ್ಲಿ ಅದನ್ನು ನುಡಿಸಿಸಿದರು. ದಯವಿಟ್ಟು ಗಮನ ಕೊಡಬೇಡಿ ಎಂದು ಮೊದಲೇ ತಿಳಿಸಿಯೂ ಇದ್ದರು. ವಾದ್ಯ ಶುರುವಾದದ್ದೇ ತಡ, ಅಡ್ಡಾಡುತ್ತಿದ್ದವರೆಲ್ಲ ಬಂದು ಕುಳಿತು ಭಕ್ತಿಯಿಂದ ಕೇಳತೊಡಗಿದರು. ಮಾತನಾಡಿ, ಓಡಾಡಿ, ಕೇಳಬೇಡಿ ಎಂದು ಸಾಟಿ ಎಷ್ಟು ಅಂಗಲಾಚಿದರೂ ಒಬ್ಬರೂ ಮಿಸುಕಲಿಲ್ಲ. ಪಾಪ, ಪ್ಯಾರಿಸ್ಸಿನವರಿಗೆ ಸಂಸ್ಕಾರ ಅಡ್ಡ ಬಂದಿತು. ಆ ಮನುಷ್ಯ ಆಲ್ದೂರಿನ ದಾರಿಯಲ್ಲಿ ಹುಟ್ಟಬೇಕಿತ್ತು. ಮಾತನಾಡಬೇಡಿ ಎಂದು ಅಚ್ಚು ಹಾಕಿಸಿ ಕೊಟ್ಟರೂ ನಾವು ಎಂಟೇ ನಿಮಿಷದಲ್ಲಿ ಅವರ ಕನಸನ್ನು ನನಸು ಮಾಡಿದೆವು.

ಇಷ್ಟರಲ್ಲಿ ಲೋಟ ಎತ್ತಲು ಬಂದ ಅಡುಗೆಮನೆಯ ಹುಡುಗ ಗೋಡೆಯ ವೈರನ್ನು ನೋಡಿ ನಕ್ಕ. ಜನ ಹೆಚ್ಚಾದರೆಂದು ಯಜಮಾನರು ಎರಡು ಸ್ಪೀಕರುಗಳಲ್ಲಿ ಒಂದನ್ನು ಒಳಗಿಟ್ಟು ಇನ್ನೊಂದನ್ನು ಜಗಲಿಗೆ ಸಾಗಿಸಿದ್ದರು. ಎಡದ್ದು ಜಗಲಿಗೆ, ಬಲದ್ದು ಹಜಾರಕ್ಕೆ. ಪಿಯಾನೋವನ್ನು ಮುದ್ರಿಸುವಾಗ ಮಂದ್ರದ ಸ್ವರಗಳನ್ನು ಎಡಕ್ಕೂ ತಾರದವನ್ನು ಬಲಕ್ಕೂ ಸರಿಸುವುದುಂಟು. ಅಂದರೆ ಒಳಗಿನವರು ಕೇಳಿದ್ದು ವಾದಕರ ಬಲಗೈಯನ್ನು, ಹೊರಗಿನವರು ಕೇಳಿದ್ದು ಎಡಗೈಯನ್ನು. ಹನಿ ಜಾರಿದ್ದು ಒಂದು ಕೈಯಿಂದ, ಗರ್ನಾಲು ಹೊಡೆದದ್ದು ಇನ್ನೊಂದು ಕೈಯಿಂದ. ಆಲ್ಬಮ್ಮನ್ನು ಪೂರ್ತಿಯಾಗಿ ಕೇಳಿದವರು ಇಡೀ ಮನೆಯಲ್ಲಿ ಅಡುಗೆಮನೆಗೂ ಜಗಲಿಗೂ ಓಡಾಡುತ್ತಿದ್ದ ಅಜ್ಜಿ ಒಬ್ಬರೇ.

ಈಗಲಾದರೂ ಎರಡೂ ಪಕ್ಷದವರು ನಾಲಿಗೆ ಕಚ್ಚಿಕೊಳ್ಳುತ್ತಾರೆ ಎಂದುಕೊಂಡೆ. ಯಾರೂ ಕಚ್ಚಿಕೊಳ್ಳಲಿಲ್ಲ. ಒಂದೇ ಕೈ ಕೇಳಿದರೂ ಬೋರರ್ ಗೊತ್ತಾಗುತ್ತದೆ, ಇಡೀ ತೋಟ ಸುತ್ತಬೇಕಾಗಿಲ್ಲ ಎಂದರು ಸಾಹುಕಾರರು. ಎರಡು ತಂತಿ ಕಡಿಮೆಯಾದರೂ ತಂಬೂರಿ ತಂಬೂರಿಯೇ ಎಂದರು ಮೇಷ್ಟ್ರು. ದುಃಖ ಅರ್ಧವಾಗಿದ್ದರೂ ತಾನು ಅತ್ತದ್ದು ಪೂರ್ತಿ ಎಂದರು ಬೆಂಗಳೂರಿನ ಹೆಂಡತಿ. ಅದನ್ನು ಅಲ್ಲಗಳೆಯಲು ನನ್ನಲ್ಲಿ ಮಾತಿರಲಿಲ್ಲ. ಗಂಡನ ಮುಖವಂತೂ ಅರಳಿತು. ಆಂಬಿಯೆಂಟ್ ಎಂದು ಈ ಸಂಗೀತಕ್ಕೆ ಹೆಸರಿಟ್ಟ ಇಂಗ್ಲೆಂಡಿನ ಸಂಗೀತಗಾರ ಬ್ರಯಾನ್ ಈನೋ 1975ರಲ್ಲಿ ಅಪಘಾತವಾಗಿ ಮಲಗಿದ್ದಾಗ, ಗೆಳತಿ ತಂದುಕೊಟ್ಟ ಹಾರ್ಪ್ ಸಂಗೀತದ ತಟ್ಟೆಯನ್ನು ಕಷ್ಟಪಟ್ಟು ಹಾಕಿಕೊಂಡರಂತೆ. ಮರಳಿ ಮಲಗಿದ ಮೇಲೆ ನೋಡಿದರೆ ಸದ್ದು ತೀರಾ ಸಣ್ಣದು, ಮೇಲಾಗಿ ಸ್ಟೀರಿಯೋದ ಒಂದು ಚಾನೆಲ್ ಸತ್ತಿತ್ತು. ಎದ್ದು ಸರಿಮಾಡಲು ಶಕ್ತಿಯಿಲ್ಲದೆ, ಮಳೆಯ ಸದ್ದಿನೊಳಗೆ ಬೆರೆತ ಆ ಅರೆಬರೆ ಸಂಗೀತವನ್ನೇ ಕೇಳುತ್ತಾ ಮಲಗಿದರು. ಮುಂದೆ 1978ರಲ್ಲಿ ವಿಮಾನ ನಿಲ್ದಾಣಗಳಿಗೆಂದೇ ಆಲ್ಬಂ ಮಾಡುವವರೆಗೆ ಅದು ಬೆಳೆಯಿತು. “ನೋಡಿ,” ಎಂದರು ಗಂಡ, “ಈ ಪ್ರಕಾರ ಹುಟ್ಟಿದ್ದೇ ಕೆಟ್ಟ ಸ್ಪೀಕರಿನಲ್ಲಿ. ಇವತ್ತು ನಾವು ಕೇಳಿದ್ದೇ ಶಾಸ್ತ್ರೋಕ್ತವಾದ ಕ್ರಮ.”

ಯಜಮಾನರು ಈ ಮಾತನ್ನು ಶ್ರದ್ಧೆಯಿಂದ ಕೇಳಿಸಿಕೊಂಡರು. ಮುಂದಿನ ತಿಂಗಳಿನಿಂದ ಎಡಗೈ ಟಿಕೆಟ್ ಬೇರೆ, ಬಲಗೈ ಟಿಕೆಟ್ ಬೇರೆಯಂತೆ. ಎರಡೂ ಬೇಕಾದವರಿಗೆ ಹೊಸ್ತಿಲ ಮೇಲೆ ಮಣೆ ಹಾಕಿಕೊಡುತ್ತಾರೆ, ಅದಕ್ಕೆ ದರ ಇನ್ನೂ ನಿಗದಿಯಾಗಿಲ್ಲ.

ಹೊರಡುವಾಗ ರೈಟರ್ ಪಕ್ಕದಲ್ಲಿ ನಿಂತು ಅವರ ಚೀಟಿಯನ್ನು ಇಣುಕಿ ನೋಡಿದೆ. ಕೊಯ್ಲಿನ ದಿನ ಬರೆಯುವಂತೆ ಐದೈದು ಗೀಟಿನ ಕಟ್ಟುಗಳು, ಕೆಳಗೆ ಒಟ್ಟು 207. ಅದರ ಎದುರಿಗೆ ದುಂಡಾದ ಅಕ್ಷರದಲ್ಲಿ ಬರೆದುಕೊಂಡಿದ್ದರು: ಪಿಯಾನೋ, ಎರಡು ಆಳು, ಬೇರೆ ಬೇರೆ ಕಡೆ ಕೆಲಸ, ಮಳೆಯ ಕಾರಣ ಅರ್ಧ ದಿನ.