ಕಾರ್ಡಿದ್ದವರಿಗೆ ಅರ್ಧ ದರ

ಮಲೇಶಿಯಾದ ಸರ್ಕಾರಿ ಆಸ್ಪತ್ರೆಯಲ್ಲಿ ಇಲ್ಲಿನ ಪ್ರಜೆ ಒಂದು ರಿಂಗಿಟ್ ಕೊಟ್ಟು ಹೊರರೋಗಿಯಾಗಿ ವೈದ್ಯರನ್ನು ಕಾಣಬಹುದು. ಅದೇ ಕೌಂಟರಿಗೆ ಭಾರತದಿಂದ ಇಲ್ಲಿಗೆ ಕೆಲಸಕ್ಕೆ ಬಂದ ನಾನು ಹೋದರೂ, ಕ್ವಾಲಾಲಂಪುರದ ಅಂಚಿನ ಸೆಲಯಾಂಗ್ ಸಗಟು ಮಾರುಕಟ್ಟೆಯಲ್ಲಿ ತರಕಾರಿ ಮೂಟೆ ಇಳಿಸುವ, ಮ್ಯಾನ್ಮಾರಿನಿಂದ ಓಡಿಬಂದ ರೋಹಿಂಗ್ಯಾ ಯುವಕ ಹೋದರೂ, ಇಬ್ಬರೂ ವಿದೇಶಿಯರೇ. ನಮ್ಮ ದರ ಹತ್ತಾರು ಪಟ್ಟು ಹೆಚ್ಚು. ನನ್ನ ಬಿಲ್ಲನ್ನು ಕಂಪನಿಯ ವಿಮೆ ಭರಿಸುತ್ತದೆ. ಅವನ ಆಸರೆ ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ ಕೊಡುವ ಕಾರ್ಡು, ಅದೂ ಸಿಕ್ಕಿದ್ದರೆ.

ಆ ಕಾರ್ಡಿಗೆ ವಿದೇಶಿ ದರದಲ್ಲಿ ಶೇ 50 ರಿಯಾಯಿತಿ ಉಂಟು. 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕದ ದೇಶ ಇಷ್ಟಾದರೂ ಕೊಟ್ಟಿದೆಯೆಂಬುದನ್ನು ಒಪ್ಪಲೇಬೇಕು. ಆದರೆ 2014ರ ಶುಲ್ಕ ಆದೇಶದ ನಂತರ ವಿದೇಶಿಯರ ದರ ಹಂತಹಂತವಾಗಿ ಏರಿದ್ದರಿಂದ, ಕಾನೂನುಬದ್ಧವಾಗಿ ದುಡಿಯುವ ಹಕ್ಕೇ ಇಲ್ಲದೆ ಕದ್ದುಮುಚ್ಚಿ ಕೂಲಿ ಮಾಡುವವನಿಗೆ ಅದರ ಅರ್ಧವೂ ಹೊರೆಯೇ. ವಾರ್ಡಿಗೆ ದಾಖಲಾಗಬೇಕಾದರೆ ಮುಂಗಡ ಠೇವಣಿ ಬೇರೆ.

ದರಕ್ಕಿಂತಲೂ ನನ್ನನ್ನು ಕಾಡುವುದು ಇಲ್ಲಿನ ಆರೋಗ್ಯ ಸಚಿವಾಲಯದ 2001ರ ಸುತ್ತೋಲೆ. ದಾಖಲೆಯಿಲ್ಲದೆ ಚಿಕಿತ್ಸೆಗೆ ಬಂದವರ ಮಾಹಿತಿಯನ್ನು ಪೊಲೀಸರಿಗೆ ಮತ್ತು ವಲಸೆ ಇಲಾಖೆಗೆ ಮುಟ್ಟಿಸುವಂತೆ ಅದು ಆಸ್ಪತ್ರೆ ಸಿಬ್ಬಂದಿಗೆ ಸೂಚಿಸುತ್ತದೆ. ಕಾರ್ಡಿಗಾಗಿ ಇನ್ನೂ ಕಾಯುತ್ತಿರುವ ಗರ್ಭಿಣಿ ತಪಾಸಣೆಗೆ ಹೋಗಲು ಹಿಂಜರಿದರೆ ಅದನ್ನು ಅಜ್ಞಾನವೆನ್ನುವುದು ಹೇಗೆ? ತ್ಸು ಚಿಯಂಥ ಸೇವಾಸಂಸ್ಥೆಗಳ ಚಿಕಿತ್ಸಾಲಯಗಳು ಜ್ವರ, ಮಧುಮೇಹಗಳನ್ನು ನೋಡಿಕೊಳ್ಳುತ್ತವೆ. ಶಸ್ತ್ರಚಿಕಿತ್ಸೆ ಬೇಕಾದಾಗ ಮತ್ತೆ ಅದೇ ಕೌಂಟರು.

ಬಾಂಗ್ಲಾದೇಶದ ಕ್ರಮ ಬೇರೆ. 2017ರ ಆಗಸ್ಟ್ ನಂತರ ಏಳು ಲಕ್ಷಕ್ಕೂ ಹೆಚ್ಚು ರೋಹಿಂಗ್ಯಾಗಳು ಗಡಿ ದಾಟಿ ಬಂದಾಗ ಕಾಕ್ಸ್ ಬಜಾರಿನ ಶಿಬಿರಗಳಲ್ಲಿ ಉಚಿತ ಚಿಕಿತ್ಸಾಲಯಗಳು ಎದ್ದವು, ಆ ವರ್ಷದ ಕೊನೆಯಲ್ಲಿ ಗಂಟಲಮಾರಿ ಹಬ್ಬಿದಾಗ ಲಸಿಕೆ ಅಲ್ಲೇ ಸಿಕ್ಕಿತು. ಹಣ ಕೊಡಬೇಕಿಲ್ಲ, ನಿಜ. ಆದರೆ ಅನುಮತಿಯಿಲ್ಲದೆ ಶಿಬಿರದಿಂದಾಚೆಗಿನ ಆಸ್ಪತ್ರೆಗೆ ಹೋಗುವಂತಿಲ್ಲ, ಮತ್ತು ದಾನಿಗಳು ಕೈಬಿಗಿ ಹಿಡಿದರೆ ಔಷಧವೂ ಬಿಗಿಯಾಗುತ್ತದೆ.

ನಮ್ಮಲ್ಲಿಯೂ ಒಂದು ಮಾದರಿಯಿದೆ. ಭಾರತವೂ ಆ ಒಪ್ಪಂದಕ್ಕೆ ಸಹಿ ಹಾಕಿಲ್ಲ; ಆದರೂ ಅಂದಿನ ಮೈಸೂರು ರಾಜ್ಯ 1960ರ ದಶಕದಲ್ಲಿ ಬೈಲಕುಪ್ಪೆಯಲ್ಲಿ ಟಿಬೆಟನ್ನರಿಗೆ ಭೂಮಿ ಕೊಟ್ಟಿತು, ಅವರು ಬೆಳೆ ಬೆಳೆದರು, ಈಗ ಅಲ್ಲಿ ಅವರದೇ ಆಸ್ಪತ್ರೆಯಿದೆ. ಆದರೆ ಭಾರತಕ್ಕೆ ಬಂದ ರೋಹಿಂಗ್ಯಾಗಳಿಗೆ ಆ ಔದಾರ್ಯ ಒದಗಲಿಲ್ಲವೆಂಬುದನ್ನು ಹೇಳದೆ ಮಲೇಶಿಯಾಕ್ಕೆ ಬುದ್ಧಿ ಹೇಳುವುದು ನ್ಯಾಯವಲ್ಲ.

ಮಲೇಶಿಯಾ ಮೊದಲು ಆ ಸುತ್ತೋಲೆಯನ್ನು ಹಿಂಪಡೆಯಲಿ. ಅದಕ್ಕೆ ಬಿಡಿಗಾಸೂ ಖರ್ಚಿಲ್ಲ. ಅನಂತರ ಕೆಲಸದ ಪರವಾನಗಿ ಕೊಟ್ಟರೆ, ಸಂಬಳದಿಂದಲೇ ವಿಮೆಯ ಕಂತು ಕಟ್ಟಿಸಿಕೊಳ್ಳಬಹುದು. ನನ್ನ ಬಿಲ್ಲನ್ನು ಈಗ ಭರಿಸುತ್ತಿರುವುದೂ ವಿಮೆಯೇ.