ಹತ್ತು ಸೆಕೆಂಡ್ ತಾನೇ ಅನ್ನಬೇಡಿ

ಈಗಷ್ಟೇ ಮನೆಗೆ ಬಂದೆ. ಹದಿನೆಂಟು ಹೋಲ್ ಮುಗಿಸಲು ಐದು ಗಂಟೆಗಿಂತ ಜಾಸ್ತಿ ಹಿಡಿಯಿತು. ನಮ್ಮ ಮುಂದೆ ಇದ್ದ ನಾಲ್ವರು ನಿಧಾನವಾಗಿ ಆಡಿದ ರೀತಿಗೆ ಇನ್ನೂ ಮೈ ಉರಿಯುತ್ತಿದೆ. ಗಾಲ್ಫ್ ಅಂದರೆ ನನಗೆ ಎಷ್ಟು ಇಷ್ಟ ಅಂತ ಇಲ್ಲಿರುವ ಎಲ್ಲರಿಗೂ ಗೊತ್ತು. ಇಷ್ಟ ಇರುವುದಕ್ಕೇ ಇಷ್ಟು ಸಿಟ್ಟು.

ಒಂದು ಗ್ರೀನ್‌ನಲ್ಲಿ, ಅಂದರೆ ಹೋಲ್ ಸುತ್ತಲಿನ ನುಣುಪು ಹುಲ್ಲಿನ ಜಾಗದಲ್ಲಿ, ನಡೆದದ್ದು ಹೇಳುತ್ತೇನೆ. ನಾವು ಹಿಂದೆ ಫೇರ್‌ವೇಯಲ್ಲಿ, ಗ್ರೀನ್‌ಗೆ ಹೋಗುವ ಹುಲ್ಲಿನ ಹಾದಿಯಲ್ಲಿ, ಕಾಯುತ್ತಿದ್ದೇವೆ. ಅವರಲ್ಲೊಬ್ಬರು ಬಾಲ್ ಹಿಂದೆ ಕುಕ್ಕರಗಾಲಿನಲ್ಲಿ ಕೂತರು. ಬಾಲ್ ಮೇಲೆ ಎಳೆದ ಗೆರೆಯನ್ನು ಹೋಲ್ ಕಡೆಗೆ ತಿರುಗಿಸಿದರು. ಎದ್ದು ನೋಡಿದರು, ಸರಿ ಕಾಣಲಿಲ್ಲ. ಮತ್ತೆ ಕೂತು ಒಂದು ಚೂರು ಸರಿಸಿದರು. ಆಮೇಲೆ ಹೋಲ್ ಆಚೆ ಹೋಗಿ ಅಲ್ಲಿಂದ ನೋಡಿದರು. ವಾಪಸ್ ಬರುವಾಗ ಅರ್ಧ ದಾರಿಯಲ್ಲಿ ಕಾಲು ಅಗಲಿಸಿ ನಿಂತು, ಕಣ್ಣೆದುರು ಎರಡು ಬೆರಳು ಹಿಡಿದು ಇಳಿಜಾರು ಅಳೆದರು. ಅದಾದ ಮೇಲೆ ಮೂರು ಪ್ರಾಕ್ಟೀಸ್ ಸ್ಟ್ರೋಕ್. ಕೊನೆಗೂ ಪಟ್ ಮಾಡಿದರೆ, ಅಂದರೆ ಬಾಲನ್ನು ಹೋಲ್ ಕಡೆಗೆ ಉರುಳಿಸಿದರೆ, ಅದು ಹೋಲ್‌ಗೆ ನಾಲ್ಕು ಅಡಿ ಇರುವಾಗಲೇ ನಿಂತುಬಿಟ್ಟಿತು. ಮಾರ್ಕರ್ ಇಟ್ಟು, ಬಾಲ್ ಎತ್ತಿ, ಒರೆಸಿ, ಮತ್ತೆ ಗೆರೆ ಹೊಂದಿಸಲು ಕೂತರು. ಅಷ್ಟು ಹೊತ್ತೂ ಉಳಿದ ಮೂವರು ಸುಮ್ನೆ ನಿಂತಿದ್ದರು. ತಮ್ಮ ಲೈನ್ ನೋಡಲು ಶುರು ಮಾಡಿದ್ದು ತಮ್ಮ ಸರದಿ ಬಂದ ಮೇಲೇ.

ಇದನ್ನೆಲ್ಲ ಯಾವ ಕೋಚ್ ಹೇಳಿಕೊಟ್ಟ? ಯಾರೂ ಅಲ್ಲ, ಟಿವಿ ನೋಡಿ ಕಲಿತದ್ದು. ಪ್ರೊಗಳ ಸ್ವಿಂಗ್ ನಮಗೆ ಬರುವುದಿಲ್ಲ, ಅವರ ಶಾರ್ಟ್ ಗೇಮ್ ಬರುವುದಿಲ್ಲ. ಅವರ ನಿಧಾನ ಮಾತ್ರ ಯಾರಿಗೆ ಬೇಕಾದರೂ ಬರುತ್ತದೆ. ಹಾಗಾಗಿ ಅದನ್ನೇ ಕಲಿತಿದ್ದೇವೆ.

ಅಮೆರಿಕದ ಪ್ರೊಗಳ ಪಂದ್ಯ, 2018ರ ಫಾರ್ಮರ್ಸ್ ಇನ್ಶೂರೆನ್ಸ್ ಓಪನ್ ನೆನಪಿದೆಯಾ? ಟೋರಿ ಪೈನ್ಸ್ ಮೈದಾನ, ಕೊನೆಯ ದಿನ, 18ನೇ ಹೋಲ್. ಜೆ.ಬಿ. ಹೋಮ್ಸ್ ತಮ್ಮ ಎರಡನೇ ಶಾಟ್‌ಗೆ ನಾಲ್ಕು ನಿಮಿಷಕ್ಕಿಂತ ಜಾಸ್ತಿ ತೆಗೆದುಕೊಂಡರು. ಗಾಳಿ ನಿಲ್ಲಲಿ ಅಂತ ಕಾದರಂತೆ. ಅಷ್ಟು ಕಾದು ಮಾಡಿದ್ದು ಏನು? ಗ್ರೀನ್‌ಗೆ ಹೊಡೆಯದೆ ಅದಕ್ಕಿಂತ ಮೊದಲೇ ಬಾಲ್ ನಿಲ್ಲುವ ಹಾಗೆ ಲೇ-ಅಪ್ ಮಾಡಿದರು. ಅದೇ ಗುಂಪಿನಲ್ಲಿ ಗೆಲುವಿನ ಹೊಸ್ತಿಲಲ್ಲಿದ್ದ ಅಲೆಕ್ಸ್ ನೊರೆನ್ ಅಷ್ಟೂ ಹೊತ್ತು ಕಾಯಬೇಕಾಯಿತು. ನೊರೆನ್ ಆಮೇಲೆ ಸಮ ಆದವರ ನಡುವಿನ ಪ್ಲೇ-ಆಫ್‌ನಲ್ಲಿ ಸೋತರು. ಗಾಲ್ಫ್‌ನಲ್ಲಿ ಹೊಡೆತ ಕಡಿಮೆ ಆದಷ್ಟೂ ಒಳ್ಳೆಯದು, ತಪ್ಪಿಗೆ ಶಿಕ್ಷೆಯಾಗಿ ಒಂದು ಹೊಡೆತ ಸೇರಿಸುವುದೇ ಪೆನಾಲ್ಟಿ ಸ್ಟ್ರೋಕ್. ಹೋಮ್ಸ್‌ಗೆ ಅಂಥದ್ದು ಒಂದು ಕೂಡ ಬೀಳಲಿಲ್ಲ. ಮರುವರ್ಷ ಜೆನೆಸಿಸ್ ಓಪನ್ ಗೆದ್ದರು. ಇದನ್ನು ನೋಡಿದ ಕ್ಲಬ್ ಆಟಗಾರನಿಗೆ ಏನು ಅನ್ನಿಸುತ್ತದೆ? ನಿಧಾನವಾಗಿ ಆಡಿದರೆ ಏನೂ ಆಗುವುದಿಲ್ಲ ಅಂತ ತಾನೇ?

ಅಮೆರಿಕದ ಪ್ರೊಗಳ ಪಿಜಿಎ ಟೂರ್ ತಾನೇ ನಡೆಸುವ ಪಂದ್ಯಗಳಲ್ಲಿ 1995ರಲ್ಲಿ ಗ್ಲೆನ್ ಡೇ ಎಂಬ ಆಟಗಾರರಿಗೆ ನಿಧಾನ ಆಟಕ್ಕಾಗಿ ಸ್ಟ್ರೋಕ್ ಹಾಕಿದರು. ಮುಂದಿನದು ಬಿದ್ದದ್ದು 2017ರಲ್ಲಿ, ಅದೂ ಜೋಡಿಯಾಗಿ ಆಡುವ ಪಂದ್ಯದಲ್ಲಿ. ನಡುವೆ 22 ವರ್ಷ. ಅಷ್ಟು ವರ್ಷ ಎಲ್ಲರೂ ಚುರುಕಾಗಿ ಆಡಿದರು ಅಂತ ನಂಬಲು ನಾನು ತಯಾರಿಲ್ಲ. ಹಣದ ದಂಡ ಹಾಕುತ್ತಾರೆ, ನಿಜ. ಲಕ್ಷಾಂತರ ಡಾಲರ್ ಗೆಲ್ಲುವವರಿಗೆ ದಂಡ ಯಾವ ಲೆಕ್ಕ? ಆದರೆ ಸ್ಕೋರ್‌ಕಾರ್ಡ್‌ನಲ್ಲಿ ಒಂದು ಸ್ಟ್ರೋಕ್ ಏರಿದರೆ ಯಾರಿಗಾದರೂ ನೋಯುತ್ತದೆ.

ಪಿಜಿಎ ಟೂರ್ ನಡೆಸದ ದೊಡ್ಡ ಪಂದ್ಯ ಮಾಸ್ಟರ್ಸ್‌ನಲ್ಲಿ, 2013ರಲ್ಲಿ, ಗುವಾನ್ ಟಿಯಾನ್‌ಲಾಂಗ್ ಎಂಬ ಹುಡುಗನಿಗೆ ಸ್ಟ್ರೋಕ್ ಹಾಕಿದರು. ವಯಸ್ಸು ಬರೀ 14. ಪಾಪ, ಆ ಹುಡುಗ ಎದುರಾಡದೆ ಒಪ್ಪಿಕೊಂಡು, ಅರ್ಧ ಪಂದ್ಯಕ್ಕೆ ಹಿಂದುಳಿದವರನ್ನು ಕೈಬಿಡುವ ಕಟ್ ಕೂಡ ದಾಟಿದ. ನಿಯಮ ತಪ್ಪು ಅಂತ ನಾನು ಹೇಳುತ್ತಿಲ್ಲ. ಆದರೆ 2019ರ ನಾರ್ದರ್ನ್ ಟ್ರಸ್ಟ್‌ನಲ್ಲಿ ಬ್ರೈಸನ್ ಡಿಶಾಂಬೊ ಎಂಟು ಅಡಿಯ ಪಟ್‌ಗೆ ಎರಡು ನಿಮಿಷ ದಾಟಿಸಿದಾಗ ಆ ಧೈರ್ಯ ಯಾರಿಗೂ ಬರಲಿಲ್ಲ. ಆ ಪಟ್ ಕೂಡ ಒಳಗೆ ಹೋಗಲಿಲ್ಲ.

"ಅವರದ್ದು ಹೊಟ್ಟೆಪಾಡು, ಒಂದು ಪಟ್ ತಪ್ಪಿದರೆ ಟೂರ್ ಕಾರ್ಡ್ ಹೋಗುತ್ತೆ, ನೀವು ಸುಮ್ನೆ ಕೂಗಾಡ್ತೀರಿ" ಅಂತ ಕ್ಲಬ್ಬಿನ ಗೆಳೆಯರೊಬ್ಬರು ಯಾವಾಗಲೂ ನನ್ನ ಬಾಯಿ ಮುಚ್ಚಿಸುತ್ತಾರೆ. ಟೂರ್ ಕಾರ್ಡ್ ಅಂದರೆ ಟೂರ್‌ನಲ್ಲಿ ಆಡುವ ಹಕ್ಕು. ಇರಲಿ, ಒತ್ತಡ ಇದೆ. ಆದರೆ 2018ರಲ್ಲಿ ಯುರೋಪಿಯನ್ ಟೂರ್‌ನವರು ಆಸ್ಟ್ರಿಯಾದಲ್ಲಿ ಶಾಟ್ ಕ್ಲಾಕ್ ಮಾಸ್ಟರ್ಸ್ ನಡೆಸಿದರಲ್ಲ, ಅಲ್ಲಿ ಪ್ರತಿ ಶಾಟ್‌ಗೂ ಗಡಿಯಾರ ಓಡುತ್ತಿತ್ತು. ಮೊದಲು ಹೊಡೆಯುವವರಿಗೆ 50 ಸೆಕೆಂಡ್, ಉಳಿದವರಿಗೆ 40. ಮಿಕ್ಕೊ ಕೊರ್ಹೊನೆನ್ 16 ಅಂಡರ್, ಅಂದರೆ ನಿಗದಿತ ಹೊಡೆತಗಳಿಗಿಂತ 16 ಕಡಿಮೆ, ಹೊಡೆದು ಆರು ಸ್ಟ್ರೋಕ್ ಅಂತರದಲ್ಲಿ ಗೆದ್ದರು. ಗಡಿಯಾರ ಇಟ್ಟರೆ ಆಟ ಕೆಡುತ್ತದೆ ಅನ್ನುವುದು ಬರೀ ನೆಪ. ಅದಿರಲಿ, ನಮಗೆ ಯಾವ ಹೊಟ್ಟೆಪಾಡು? ನಮ್ಮ ಯಾರ ಟೂರ್ ಕಾರ್ಡ್ ಹೋಗುತ್ತೆ?

ಹತ್ತು ಸೆಕೆಂಡ್ ತಾನೇ ಅನ್ನುವವರು ಈ ಲೆಕ್ಕ ಮಾಡಿ ನೋಡಿ. ಒಬ್ಬೊಬ್ಬರು 90 ಹೊಡೆಯುವ ನಾಲ್ವರು ಅಂದರೆ 360 ಶಾಟ್. ಒಂದೊಂದಕ್ಕೆ ಹತ್ತು ಸೆಕೆಂಡ್ ಜಾಸ್ತಿ ಆದರೆ 3,600 ಸೆಕೆಂಡ್. ಪೂರ್ತಿ ಒಂದು ಗಂಟೆ! ಅದು ಆ ನಾಲ್ವರದ್ದು ಮಾತ್ರ ಅಲ್ಲ, ಹಿಂದೆ ಬರುತ್ತಿರುವ ಪ್ರತಿಯೊಬ್ಬರದ್ದೂ.

ಹೊಸಬರ ಮೇಲೆ ನನಗೆ ಕೋಪ ಇಲ್ಲ, ದಯವಿಟ್ಟು ತಪ್ಪು ತಿಳಿಯಬೇಡಿ. 115 ಹೊಡೆದೂ ನಾಲ್ಕು ಗಂಟೆಯಲ್ಲಿ ಮುಗಿಸುವವರನ್ನು ನೋಡಿದ್ದೇನೆ. ಬಾಲ್ ಹತ್ತಿರ ಬರುವಾಗಲೇ ಕ್ಲಬ್ ಕೈಯಲ್ಲಿರುತ್ತದೆ, ನೋಡುತ್ತಾರೆ, ಹೊಡೆಯುತ್ತಾರೆ, ನಡೆಯುತ್ತಾರೆ. ನನ್ನ ಕಣ್ಣಿಗೆ ಬಿದ್ದ ಅತಿ ನಿಧಾನದವರು 12, 15 ಹ್ಯಾಂಡಿಕ್ಯಾಪ್‌ನವರು, ಅಂದರೆ ಮಧ್ಯಮ ಮಟ್ಟದ ಆಟಗಾರರು. ಅರ್ಧಂಬರ್ಧ ಕಲಿತು, ಪ್ರೊಗಳ ಹಾಗೆ ಕಾಣಬೇಕು ಅಂದುಕೊಂಡವರು. 150 ಯಾರ್ಡ್ ಇರಲಿ, 153 ಇರಲಿ, ಅವರು ತೆಗೆಯುವುದು ಅದೇ ಕ್ಲಬ್, ಆದರೂ ಮೂರು ಸಲ ದೂರ ಅಳೆಯುವ ರೇಂಜ್‌ಫೈಂಡರ್ ಹಿಡಿಯುತ್ತಾರೆ.

ನಿಯಮ ಬರೆಯುವವರು ತಮ್ಮ ಕೆಲಸ ಮಾಡಿದ್ದಾರೆ. 2019ರಿಂದ ಬಾಲ್ ಹುಡುಕಲು ಐದರ ಬದಲು ಮೂರೇ ನಿಮಿಷ. ಹೋಲ್‌ನಲ್ಲಿರುವ ಫ್ಲ್ಯಾಗ್ ತೆಗೆಯದೆಯೇ ಪಟ್ ಮಾಡಬಹುದು. ಒಂದು ಶಾಟ್‌ಗೆ 40 ಸೆಕೆಂಡ್ ಮೀರಬಾರದು ಅಂತ ಸಲಹೆ ಇದೆ. ಒಟ್ಟು ಹೊಡೆತ ಎಣಿಸುವ ಸ್ಟ್ರೋಕ್ ಪ್ಲೇಯಲ್ಲಿ ಯಾರು ರೆಡಿ ಇದ್ದಾರೋ ಅವರು ಹೊಡೆಯಿರಿ ಅಂತ ನಿಯಮದ ಪುಸ್ತಕವೇ ಹೇಳುತ್ತದೆ. ನಾವು ಮಾತ್ರ ಇನ್ನೂ "ನೀವು ದೂರ ಇದ್ದೀರಿ, ನೀವು ಮೊದಲು" ಅಂತ ಉಪಚಾರ ಮಾಡುತ್ತಾ ನಿಂತಿರುತ್ತೇವೆ.

ನನ್ನ ಮಗಳು ಒಳ್ಳೆಯ ಕೈ ಇರುವ ಹುಡುಗಿ. ನನ್ನ ಜೊತೆ ಬರುವುದನ್ನು ನಿಲ್ಲಿಸಿಬಿಟ್ಟಳು. "ಅಪ್ಪಾ, ಆಡೋದಕ್ಕಿಂತ ನಿಂತಿರೋದೇ ಜಾಸ್ತಿ ಅಲ್ವಾ" ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಈ ವಿಷಯ ಬಂದಾಗಲೆಲ್ಲ ನನ್ನ ದನಿ ಏರುವುದು ಅದಕ್ಕೇ.

ಹೆಂಗಸರ ಟೂರ್ ಎಲ್‌ಪಿಜಿಎಯಲ್ಲಿ ಕೊನೆಗೂ ಬಿಗಿ ಮಾಡಿದ್ದಾರೆ. ಅಲ್ಲೂ ನಿಧಾನ ಕಡಿಮೆ ಏನಿರಲಿಲ್ಲ, ಕತ್ತಲಾಗುವವರೆಗೆ ಆಡಿದ್ದಕ್ಕೆ 2024ರಲ್ಲಿ ಆಟಗಾರ್ತಿ ಚಾರ್ಲಿ ಹಲ್ ಸಿಡಿದೆದ್ದಿದ್ದರು. ಮೂರು ಸಲ ಸಮಯ ಮೀರಿದರೆ ಟೂರ್ ಕಾರ್ಡನ್ನೇ ಕಿತ್ತುಕೊಳ್ಳಿ ಅಂದಿದ್ದರು. 2025ರಲ್ಲಿ ಎಲ್‌ಪಿಜಿಎ ಹೊಸ ನಿಯಮ ತಂದಿತು. ಸಮಯ ಅಳೆಯುವಾಗ 6ರಿಂದ 15 ಸೆಕೆಂಡ್ ಮೀರಿದರೆ ಒಂದು ಸ್ಟ್ರೋಕ್, 16 ಅಥವಾ ಅದಕ್ಕಿಂತ ಜಾಸ್ತಿ ಆದರೆ ಎರಡು. ಓದಿ ನನಗಾದ ಖುಷಿ ಅಷ್ಟಿಷ್ಟಲ್ಲ.

ನಮ್ಮಲ್ಲೂ ಇದೇ ಆಗಬೇಕು. ತಿಂಗಳ ಮೆಡಲ್ ಪಂದ್ಯದಲ್ಲಿ ಮುಂದಿನ ಗುಂಪಿನಿಂದ ಒಂದು ಹೋಲ್ ಹಿಂದೆ ಬಿದ್ದವರಿಗೆ ಒಮ್ಮೆ ಎಚ್ಚರಿಕೆ ಕೊಡಲಿ, ಆಮೇಲೆ ತಲಾ ಒಂದು ಸ್ಟ್ರೋಕ್ ಹಾಕಲಿ. ಅದು ಅಧ್ಯಕ್ಷರಾದರೂ ಸರಿ, ನಾನಾದರೂ ಸರಿ. ಕಮಿಟಿಗೆ ಕೊಡಲು ಪತ್ರ ಬರೆದಿಟ್ಟಿದ್ದೇನೆ. ಒಬ್ಬನೇ ಕೊಟ್ಟರೆ ಯಾರೂ ತಿರುಗಿಯೂ ನೋಡುವುದಿಲ್ಲ. ಸಹಿ ಹಾಕುವವರು ಕೆಳಗೆ ಹೆಸರು ಬರೆಯಿರಿ, ಪತ್ರ ಕಳಿಸುತ್ತೇನೆ.