ನಾನೂ ಒಬ್ಬ ಓನರ್ ಕಣ್ರೀ

ಷೇರು ಖಾತೆ ತೆರೆಯೋಕೆ ತಲೆ ಬೇಕು ಅಂತ ಕೇಳಿದ್ದೆ. ನಿಜ, ಬೇಕು. ಅಲ್ಲಾಡಿಸೋಕೆ. ಆ್ಯಪ್ ಕ್ಯಾಮೆರಾ ಆನ್ ಮಾಡಿ, “ಬಲಕ್ಕೆ ತಿರುಗಿ, ಎಡಕ್ಕೆ ತಿರುಗಿ, ಈಗ ಕಣ್ಣು ಮಿಟುಕಿಸಿ” ಅಂದಿತು. ನಾನು ಫೋನಿಗೆ ಕಣ್ಣು ಮಿಟುಕಿಸುತ್ತಿರುವಾಗಲೇ ನಮ್ಮವರು ಒಳಗೆ ಬರಬೇಕಾ?

“ಯಾರೇ ಅದು?”

“ಷೇರುಪೇಟೆ ರೀ.”

ಆಮೇಲೆ ಒಂದು ಪ್ರಶ್ನೆ ಬಂತು. ನಿಮ್ಮ ಹೂಡಿಕೆ ಶೇ 20ರಷ್ಟು ಕುಸಿದರೆ ಏನು ಮಾಡುತ್ತೀರಿ? ಎಲ್ಲ ಮಾರುತ್ತೇನೆ, ಸುಮ್ಮನಿರುತ್ತೇನೆ, ಇನ್ನಷ್ಟು ಕೊಳ್ಳುತ್ತೇನೆ. ಹೆಗಲ ಮೇಲಿಂದ ಇಣುಕಿದ ನಮ್ಮವರು, “ನಾಲ್ಕನೇದು ಇಲ್ವಾ? ಗಂಡನಿಗೆ ಹೇಳೋದಿಲ್ಲ ಅಂತ” ಅಂದರು. ಶೇ 20 ಬೀಳೋದು ಅಂದರೆ ತಿಂಗಳುಗಟ್ಟಲೆ ಹಿಡಿಯುತ್ತೆ ಅಂತ ನನ್ನ ಲೆಕ್ಕ. ಮಗರಾಯ ಬಂದು ಅದನ್ನೂ ಕೆಡಿಸಿದ. 1987ರ ಅಕ್ಟೋಬರ್ 19, ಸೋಮವಾರ, ಅಮೆರಿಕದ ದೊಡ್ಡ ಕಂಪನಿಗಳ ಷೇರುಬೆಲೆ ಅಳೆಯುವ ಡೌ ಜೋನ್ಸ್ ಸೂಚ್ಯಂಕ ಒಂದೇ ದಿನದಲ್ಲಿ ಶೇ 22.6 ಬಿದ್ದಿತ್ತಂತೆ. ಆದರೂ ನಾನು ‘ಇನ್ನಷ್ಟು ಕೊಳ್ಳುತ್ತೇನೆ’ ಅನ್ನೋದನ್ನೇ ಒತ್ತಿದೆ. ಖಾತೆಯಲ್ಲಿ ಬಿಡಿಗಾಸೂ ಇಲ್ಲದಾಗ ಎಂಥ ಧೈರ್ಯ ಬೇಕಾದರೂ ಬರುತ್ತೆ.

ಖಾತೆ ನನ್ನದು, ಮಗ ಗುರು. ಆದರೆ ಸಲಹೆಗಾರರು ಮಾತ್ರ ನಮ್ಮವರೇ. ಯಾರೂ ನೇಮಿಸಿದ್ದಲ್ಲ. ಅವರದು ಒಂದೇ ಸೂತ್ರ: ಕಡಿಮೆ ಬೆಲೆಯ ಷೇರು ಅಂದರೆ ಅಗ್ಗ, ಜಾಸ್ತಿ ಬೆಲೆಯದು ಅಂದರೆ ದುಬಾರಿ. “ಹಂಗಲ್ಲಪ್ಪಾ” ಅಂತ ಮಗ ತಲೆ ಚಚ್ಚಿಕೊಂಡ. ಒಂದು ಷೇರಿನ ಬೆಲೆ ನೋಡಿದರೆ ಏನೂ ಗೊತ್ತಾಗಲ್ಲ. ಕಂಪನಿಯನ್ನು ಎಷ್ಟು ಷೇರಾಗಿ ಹಂಚಿದ್ದಾರೆ, ಒಂದೊಂದು ಷೇರಿಗೆ ಎಷ್ಟು ಲಾಭ ಬರುತ್ತೆ, ಆ ಲಾಭದ ಎಷ್ಟು ಪಟ್ಟು ಕೊಟ್ಟು ಕೊಳ್ಳುತ್ತಿದ್ದೀವಿ ಅನ್ನೋದನ್ನು ನೋಡಬೇಕು. ಇದಕ್ಕೇ ಪಿ.ಇ. ಅನುಪಾತ ಅನ್ನೋದು. ಅಮೆರಿಕದ ಹೆಸರಾಂತ ಹೂಡಿಕೆದಾರ ವಾರನ್ ಬಫೆಟ್ ಕಟ್ಟಿ ಬೆಳೆಸಿದ ಬರ್ಕ್‌ಷೈರ್ ಹ್ಯಾಥವೇ ಕಂಪನಿಯ ‘ಎ’ ದರ್ಜೆಯ ಷೇರನ್ನು ಒಮ್ಮೆಯೂ ಒಡೆದು ಚಿಕ್ಕದು ಮಾಡಿಲ್ಲ. ಹಾಗಾಗಿ ಒಂದೇ ಒಂದು ಷೇರಿಗೆ ಐದು ಲಕ್ಷ ಡಾಲರ್‌ಗೂ ಮೇಲೆ. ನಮ್ಮವರು ಸ್ವಲ್ಪ ಹೊತ್ತು ಯೋಚಿಸಿ, “ಅರ್ಧ ಕೊಡ್ತಾರಾ ಕೇಳು” ಅಂದರು.

ಕೇಳುವ ಅಭ್ಯಾಸ ಅವರಿಗೆ ಮೊದಲಿಂದಲೂ ಉಂಟು. ಚೌಕಾಸಿ ಮಾಡದೆ ಅವರು ಏನನ್ನೂ ಕೊಂಡವರಲ್ಲ. ಹಾಗಾಗಿ ಮಾರ್ಕೆಟ್ ಆರ್ಡರ್ ಅಂದರೆ ಅವರಿಗೆ ಮೈ ಉರಿ. ಅದರಲ್ಲಿ ‘ಈಗ ಎಷ್ಟಕ್ಕೆ ಸಿಗುತ್ತೋ ಅಷ್ಟಕ್ಕೆ ಕೊಡಿ’ ಅಂದ ಹಾಗೆ. ಪರದೆ ಮೇಲೆ ಕಾಣೋದು ಕೊನೆಯ ವ್ಯಾಪಾರದ ಬೆಲೆ. ಮಾರುವವನು ಈಗ ಕೇಳುತ್ತಿರುವ ಬೆಲೆ ಬೇರೆಯೇ ಇರಬಹುದು. ಕೊಳ್ಳುವವರು, ಮಾರುವವರು ಕಡಿಮೆ ಇರುವ ಷೇರಾದರೆ ಈ ಅಂತರ ಚೆನ್ನಾಗಿಯೇ ಕಚ್ಚುತ್ತೆ. ಲಿಮಿಟ್ ಆರ್ಡರ್ ಆದರೆ ಬೆಲೆ ನಮ್ಮದು. ‘ಇದಕ್ಕಿಂತ ಒಂದು ಪೈಸೆ ಜಾಸ್ತಿ ಕೊಡಲ್ಲ’ ಅಂತ ಬರೆದು ಕೂರಬಹುದು. ಸರಿ, ಕೂತರು. ಬೆಳಗ್ಗೆ ಎದ್ದವರೇ ನನ್ನ ಫೋನ್ ಇಸಿದುಕೊಂಡು, ನಿನ್ನೆಯ ಬೆಲೆಗಿಂತ ಸಾಕಷ್ಟು ಕೆಳಗೆ ಒಂದು ಲಿಮಿಟ್ ಹಾಕೋರು. ಯಾರೂ ಆ ಬೆಲೆಗೆ ಮಾರೋರಲ್ಲ. ಸಂಜೆ ಪೇಟೆ ಮುಚ್ಚಿದಾಗ ಆರ್ಡರ್ ತಾನಾಗಿ ರದ್ದು. ಮಾರನೇ ದಿನ ಮತ್ತೆ ಅದೇ. ಷೇರು ಮಾತ್ರ ದಿನಾ ಮೆಟ್ಟಿಲು ಹತ್ತುತ್ತಾ ಹೋಯಿತು. “ನೋಡ್ತಾ ಇರು, ಬೇಕು ಅಂದ್ರೆ ಅವರೇ ಇಳೀತಾರೆ” ಅನ್ನೋರು. ಯಾರು ಇಳಿಯಬೇಕಿತ್ತೋ ನನಗೆ ಇವತ್ತಿಗೂ ತಿಳಿದಿಲ್ಲ.

ಮಧ್ಯೆ ಅವರ ಗೆಳೆಯರೊಬ್ಬರಿಂದ ಒಂದು ‘ಖಾಸಾ ಸುದ್ದಿ’ ಬಂತು. ಹೆಸರು ಅರ್ಧಂಬರ್ಧ ಕೇಳಿಸಿಕೊಂಡಿದ್ದರು. ಹುಡುಕಿದರೆ ಹೆಚ್ಚುಕಮ್ಮಿ ಅದೇ ಹೆಸರಿನ ಮೂರು ಕಂಪನಿ. ಒಂದು ಬಣ್ಣದ್ದು, ಒಂದು ಸಾಲ ಕೊಡೋದು, ಇನ್ನೊಂದು ಏನು ಮಾಡುತ್ತೆ ಅಂತ ಅವರ ವೆಬ್‌ಸೈಟ್‌ಗೂ ಖಚಿತವಿರಲಿಲ್ಲ. “ಯಾವುದಾದ್ರೇನು, ಬಣ್ಣದ್ದು ತಗೋ” ಅಂದರು. ಮಗ ಫೋನ್ ಕಿತ್ತುಕೊಂಡು ಒಂದು ಕಥೆ ಹೇಳಿದ. 2013ರಲ್ಲಿ ಟ್ವಿಟರ್ ಷೇರುಪೇಟೆಗೆ ಬರುತ್ತೆ ಅಂತ ಸುದ್ದಿಯಾದಾಗ ಜನ ಟ್ವೀಟರ್ ಅನ್ನೋ ಇನ್ಯಾವುದೋ ಷೇರಿಗೆ ಮುಗಿಬಿದ್ದರಂತೆ. ಅದು ದಿವಾಳಿ ಎದ್ದು ಹೋಗಿದ್ದ ಟಿವಿ, ಸ್ಟೀರಿಯೊ ಮಾರುವ ಅಂಗಡಿಗಳ ಕಂಪನಿ. ಬೆಲೆ ಹತ್ತು ಪಟ್ಟಿಗೂ ಮೀರಿ ಹಾರಿ, ಕೊನೆಗೆ ಆ ಷೇರಿನ ವ್ಯವಹಾರವನ್ನೇ ನಿಲ್ಲಿಸಬೇಕಾಯಿತು. 2020ರಲ್ಲಿ ಎಲ್ಲರೂ ಜೂಮ್‌ನಲ್ಲಿ ಮೀಟಿಂಗ್ ಮಾಡೋವಾಗಲೂ ಹೀಗೇ. ಆ ಹೆಸರಿನ ಬೇರೊಂದು ಪುಟ್ಟ ಕಂಪನಿಯ ಷೇರು ಏರಿತು. ಅಮೆರಿಕದ ನಿಯಂತ್ರಕರು ಅದರ ವ್ಯವಹಾರವನ್ನು ಸ್ವಲ್ಪ ಕಾಲ ತಡೆದರು. ನಮ್ಮವರು ಎಲ್ಲ ಕೇಳಿಸಿಕೊಂಡು, “ಹತ್ತು ಪಟ್ಟು ಏರಿತ್ತು ಅಂದ್ಯಲ್ಲಾ?” ಅಂತ ಅಷ್ಟನ್ನು ಮಾತ್ರ ಹಿಡಿದುಕೊಂಡರು.

ಅಂತೂ ಮಗ ತೋರಿಸಿದ ಒಂದು ಕಂಪನಿಯ ಎರಡು ಷೇರು ಕೊಂಡೆ. ಉಳಿದ ದುಡ್ಡು ಇಂಡೆಕ್ಸ್ ಫಂಡಿಗೆ, ಅಂದರೆ ಸೂಚ್ಯಂಕದಲ್ಲಿರುವ ಕಂಪನಿಗಳ ಷೇರನ್ನೆಲ್ಲ ಸ್ವಲ್ಪ ಸ್ವಲ್ಪ ಕೊಳ್ಳುವ ನಿಧಿಗೆ ಹೋಯಿತು. ಅದರ ಕಡೆ ನಮ್ಮವರು ತಲೆಯನ್ನೂ ಹಾಕಲಿಲ್ಲ. ಇಡೀ ಸೂಚ್ಯಂಕವನ್ನೇ ಕೊಳ್ಳುವಾಗ ಸಲಹೆಗಾರರಿಗೆ ಏನು ಕೆಲಸ? ಆ ಎರಡು ಷೇರನ್ನು ಮಾತ್ರ ತೊಟ್ಟಿಲ ಕೂಸಿನ ಹಾಗೆ ಗಂಟೆಗೊಮ್ಮೆ ಇಣುಕಿ ನೋಡೋರು. ಭಾನುವಾರವೂ. “ಅಲುಗಾಡ್ತಾನೇ ಇಲ್ಲ ಕಣೇ, ಸ್ಥಿರವಾಗಿದೆ” ಅಂತ ಒಂದು ಭಾನುವಾರ ಖುಷಿಪಟ್ಟಿದ್ದೂ ಉಂಟು.

ಆಮೇಲೆ ಒಂದು ಬೆಳಗ್ಗೆ ನಾನು ಸ್ನಾನ ಮುಗಿಸಿ ಬಂದರೆ ಮನೆಯಲ್ಲಿ ಸಾವಿನ ಕಳೆ. ನಮ್ಮವರು ತಲೆ ಮೇಲೆ ಕೈ ಹೊತ್ತು ಕೂತಿದ್ದಾರೆ. ಪರದೆ ತುಂಬಾ ಕೆಂಪು. ನನ್ನ ಷೇರು ರಾತ್ರೋರಾತ್ರಿ ಶೇ 80 ಬಿದ್ದಿದೆ! ನನ್ನ ಎದೆಯೂ ಧಸಕ್ಕೆಂದಿತು. ಚೀನಾದಲ್ಲಿ ಏರಿಕೆಯನ್ನೇ ಕೆಂಪಿನಲ್ಲಿ ತೋರಿಸುತ್ತಾರೆ ಅಂತ ಎಲ್ಲೋ ಓದಿದ್ದು ನೆನಪಾಗಿ ಒಂದು ಕ್ಷಣ ಆಸೆಯೂ ಹುಟ್ಟಿತು. ಆದರೆ ಬಾಣ ಕೆಳಗೇ ತೋರಿಸುತ್ತಿತ್ತು.

“ಕಂಪನಿಗೆ ಬೆಂಕಿ ಬಿದ್ದಿರ್ಬೇಕು” ಅಂದರು. ಸುದ್ದಿಯಲ್ಲಿ ಏನೂ ಇಲ್ಲ. “ಮುಚ್ಚಿ ಹಾಕಿದ್ದಾರೆ” ಅಂದರು. ಮಾರಿಬಿಡೋಣ ಅಂತ ಬೆರಳನ್ನು ಗುಂಡಿಯ ತನಕ ಒಯ್ದರು. ಮತ್ತೆ ತಾವೇ ಸಮಾಧಾನ ಹೇಳಿದರು. “ಇರಲಿ ಬಿಡು. ಶೇ 80 ಬಿದ್ದಿದ್ದು ಶೇ 80 ಏರಿದ್ರೆ ಸರಿಹೋಗುತ್ತೆ.”

ನಿದ್ದೆಗಣ್ಣಲ್ಲಿ ಬಂದ ಮಗ ಅದನ್ನೂ ಬಿಡಲಿಲ್ಲ. “ಅಪ್ಪಾ, ನೂರು ಇದ್ದದ್ದು ಇಪ್ಪತ್ತಾಯ್ತು. ಇಪ್ಪತ್ತರ ಮೇಲೆ ಶೇ 80 ಅಂದ್ರೆ ಹದಿನಾರು. ಒಟ್ಟು ಮೂವತ್ತಾರು. ಮತ್ತೆ ನೂರಾಗೋಕೆ ಶೇ 400 ಏರಬೇಕು.” ನಮ್ಮವರ ಮುಖದಲ್ಲಿ ಉಳಿದಿದ್ದ ರಕ್ತವೂ ಇಳಿಯಿತು. ಆಮೇಲೆ ಅವನು ಫೋನ್ ನೋಡಿ ನಗೋಕೆ ಶುರು ಮಾಡಿದ. ಷೇರು ಬಿದ್ದಿರಲಿಲ್ಲ, ಒಡೆದಿತ್ತು. ಸ್ಪ್ಲಿಟ್. ಒಂದು ಷೇರು ಐದಾಗಿತ್ತು, ಬೆಲೆ ಐದನೇ ಒಂದು ಭಾಗವಾಗಿತ್ತು. ಹೊಸ ಷೇರುಗಳು ಖಾತೆಗೆ ಬಂದು ಸೇರುವ ತನಕ ಆ್ಯಪ್ ಹೀಗೆ ಹೆದರಿಸುತ್ತಂತೆ. ಕಂಪನಿಯವರು ಮುಂಚೆಯೇ ಇಮೇಲ್ ಕಳಿಸಿದ್ದರು. ಅದನ್ನು ಜಾಹೀರಾತು ಅಂತ ಅಳಿಸಿದ ಸಲಹೆಗಾರರು ಯಾರು ಅಂತ ಬೇರೆ ಹೇಳಬೇಕಾ?

ಹೊಸ ಷೇರು ಬಂದ ದಿನ ಅವರು ಎಲ್ಲರಿಗೂ ಫೋನ್ ಮಾಡಿ, “ನಮ್ಮದು ಎರಡಿದ್ದದ್ದು ಹತ್ತಾಯ್ತು” ಅಂತ ಹೇಳಿದರು. ಬೆಲೆಯ ಸುದ್ದಿ ಎತ್ತಲಿಲ್ಲ.

ಈಚೆಗೆ ಕಂಪನಿಯ ವಾರ್ಷಿಕ ಮಹಾಸಭೆಯ ನೋಟಿಸ್ ಬಂತು. ‘ಗೌರವಾನ್ವಿತ ಷೇರುದಾರರೇ’ ಅಂತ ಶುರು. ಈ ಮನೆಯಲ್ಲಿ ನನ್ನನ್ನು ಯಾರೂ ಹಾಗೆ ಕರೆದದ್ದಿಲ್ಲ. ಲೆಕ್ಕಪರಿಶೋಧಕರು ಯಾರಾಗಬೇಕು, ಲಾಭಾಂಶ ಎಷ್ಟು, ನಿರ್ದೇಶಕರಿಗೆ ಸಂಬಳ ಎಷ್ಟು, ಎಲ್ಲಕ್ಕೂ ನನ್ನ ಮತ ಬೇಕಂತೆ. ಒಂದು ಷೇರಿಗೆ ಒಂದು ಮತ. ಸಭೆ ಆನ್‌ಲೈನ್. ನಮ್ಮನ್ನು ಅಲ್ಲಿ ಯಾರೂ ನೋಡೋದಿಲ್ಲ ಅಂದರೂ ಕೇಳದೆ ನಮ್ಮವರು ಇಸ್ತ್ರಿ ಶರ್ಟ್ ಹಾಕಿಕೊಂಡು ಪಕ್ಕ ಕೂತರು. ಸಂಬಳದ ಅಂಕಿ ನೋಡಿ ಇಬ್ಬರೂ ಕಣ್ಣುಬಾಯಿ ಬಿಟ್ಟೆವು. ಮರುಮಾತಿಲ್ಲದೆ ‘ವಿರುದ್ಧ’ ಒತ್ತಿದೆ.

ಫಲಿತಾಂಶ ಬಂತು. ಶೇ 99ಕ್ಕೂ ಜಾಸ್ತಿ ಮತ ಪರವಾಗಿ.

“ಸೋತ್ವಿ ರೀ” ಅಂದೆ.

“ಎಲ್ಲಿ ಸೋತ್ವಿ? ಒಡೆಯೋಕೆ ಮುಂಚೆ ಆಗಿದ್ರೆ ಎರಡೇ ಮತ ಇರ್ತಿತ್ತು. ಈಗ ಹತ್ತು ಹಾಕಿದೀವಿ ಕಣೇ!”